ಶಾಲೆಯ ಹಬ್ಬಕ್ಕೆ ನಮ್ಮದೇ ಫೋಟೋ ಮೂಲೆ

ಶಾಲೆಯ ಹಬ್ಬ ಅಂದ್ರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಹಾಡು, ಕುಣಿತ, ನಾಟಕ, ಬಹುಮಾನ. ಒಂದು ವಾರ ಮೊದಲೇ ಮನೆಯಲ್ಲಿ ಅದೇ ಮಾತು. "ಅಮ್ಮಾ, ನೀನು ಬರ್ತೀಯ ತಾನೆ?" ಅಂತ ಹತ್ತು ಸಲ ಕೇಳುತ್ತವೆ.

ಹಬ್ಬ ಮುಗಿದ ಮೇಲೆ ಏನು ಉಳಿಯುತ್ತದೆ? ಶಾಮಿಯಾನ ಬಿಚ್ಚುತ್ತಾರೆ. ಮೈಕು ಹೋಗುತ್ತದೆ. ಹೂವು ಬಾಡುತ್ತದೆ. ಉಳಿಯುವುದು ಒಂದು ಫೋಟೋ.

ನಿಮ್ಮ ಮನೆಯಲ್ಲಿ ನಿಮ್ಮ ಫೋಟೋ ಎಷ್ಟಿವೆ? ಎಣಿಸಿ ನೋಡಿ. ಆಧಾರ್ ಕಾರ್ಡಿನಲ್ಲಿ ಒಂದು. ಬ್ಯಾಂಕಿನ ಪುಸ್ತಕದಲ್ಲಿ ಒಂದು. ಮದುವೆಯದು ಇದ್ದರೆ ಇನ್ನೊಂದು. ಕಾರ್ಡಿನ ಫೋಟೋದಲ್ಲಿ ಯಾರೂ ನಗುವುದಿಲ್ಲ. ಅದು ಕಚೇರಿಗೆ ಬೇಕಾದ ಫೋಟೋ. ನಮಗೆ ಬೇಕಾದ ಫೋಟೋ ಅಲ್ಲ.

ಮಗುವನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಗುತ್ತಾ ತೆಗೆಸಿಕೊಂಡ ಫೋಟೋ ಇದೆಯೇ? ಎಷ್ಟೋ ಮನೆಗಳಲ್ಲಿ ಇಲ್ಲ. ಶಾಲೆಯ ಹಬ್ಬದಲ್ಲಿ ಅಂಥ ಒಂದು ಫೋಟೋಗೆ ಜಾಗ ಮಾಡಬಹುದು. ಅದನ್ನು ತಾಯಂದಿರೇ ಸೇರಿ ಮಾಡಬಹುದು. ಹೇಗೆ ಅಂತ ಈ ಪಾಠದಲ್ಲಿ ನೋಡೋಣ.

ಫೋಟೋ ಮೂಲೆ ಅಂದ್ರೆ ಏನು?

ಶಾಲೆಯ ಅಂಗಳದಲ್ಲಿ ಒಂದು ಜಾಗ ಆರಿಸುತ್ತಾರೆ. ಅಲ್ಲಿ ಹಿಂದೆ ಒಂದು ಚೆಂದದ ಪರದೆ ಕಟ್ಟುತ್ತಾರೆ. ಅಕ್ಕಪಕ್ಕ ಏನಾದರೂ ಅಲಂಕಾರ ಇಡುತ್ತಾರೆ. ಹಬ್ಬಕ್ಕೆ ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದೇ ಫೋಟೋ ಮೂಲೆ.

ಇದು ಹೊಸದಲ್ಲ. ಫೋಟೋ ತೆಗೆಯುವ ವಿದ್ಯೆ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ, ಫ್ರಾನ್ಸ್ ದೇಶದಲ್ಲಿ. ಆಮೇಲೆ ನಮ್ಮ ಊರುಗಳಿಗೂ ಸ್ಟುಡಿಯೋ ಬಂದವು. ಸ್ಟುಡಿಯೋದ ಒಳಗೆ ಒಂದು ದೊಡ್ಡ ಪರದೆ ಇರುತ್ತಿತ್ತು. ಅದರ ಮೇಲೆ ಅರಮನೆ, ತೋಟ, ಚಂದ್ರ ಬರೆದಿರುತ್ತಿದ್ದರು. ಗುಡಿಸಲಿನಿಂದ ಬಂದವರೂ ಅರಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಬೆಂಗಳೂರಿನ ಲಾಲ್‌ಬಾಗ್ ನಿಮಗೆ ಗೊತ್ತು. ಅಲ್ಲಿನ ಗಾಜಿನ ಮನೆ ಕಟ್ಟಿದ್ದು 1889ರಲ್ಲಿ. ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿಗೆ ಅಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಹೂವಿನಿಂದ ಗೋಪುರ, ಮನೆ, ಆನೆ ಮಾಡುತ್ತಾರೆ. ಜನ ಅದರ ಮುಂದೆ ಸಾಲಾಗಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಅದೂ ಫೋಟೋ ಮೂಲೆಯೇ.

ಫ್ಲೆಕ್ಸ್ ತಂದರೆ ಸಾಲದೇ?

"ಅಕ್ಕಾ, ಇಷ್ಟೆಲ್ಲ ಯಾಕೆ? ಒಂದು ಫ್ಲೆಕ್ಸ್ ಹಾಕಿಸಿದರೆ ಆಯ್ತಲ್ಲ" ಅಂತ ಯಾರಾದರೂ ಕೇಳಬಹುದು.

ಫ್ಲೆಕ್ಸ್ ಪ್ಲಾಸ್ಟಿಕ್ಕಿನದು. ಒಂದು ದಿನ ಕಟ್ಟುತ್ತೇವೆ. ಮರುದಿನ ಅದು ಕಸ. ಮಣ್ಣಿನಲ್ಲಿ ಕರಗುವುದಿಲ್ಲ. ಸುಟ್ಟರೆ ವಿಷದ ಹೊಗೆ ಬರುತ್ತದೆ. ಅದಕ್ಕೇ ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ತೋರಣಗಳನ್ನು ನಿಷೇಧ ಮಾಡಿತು. 2022ರ ಜುಲೈ 1ರಿಂದ ಅಲಂಕಾರದ ಥರ್ಮೊಕೋಲ್‌ಗೂ ದೇಶದಲ್ಲೆಲ್ಲ ನಿಷೇಧ ಬಂತು. ಬಲೂನಿನ ಪ್ಲಾಸ್ಟಿಕ್ ಕಡ್ಡಿಯನ್ನೂ ಬಳಸುವಂತಿಲ್ಲ.

ಇನ್ನೊಂದು ಮಾತು. ಅಂಗಡಿಯ ಫ್ಲೆಕ್ಸ್ ಎಲ್ಲ ಶಾಲೆಯಲ್ಲೂ ಒಂದೇ ಥರ. ಅದರಲ್ಲಿ ನಮ್ಮ ಊರು ಇಲ್ಲ, ನಮ್ಮ ಕೈ ಇಲ್ಲ. ನಾವು ಮಾಡಿದ ಪರದೆಯ ಮುಂದೆ ನಿಂತರೆ ಮಗು ಹೇಳುತ್ತದೆ: "ಇದು ನಮ್ಮಮ್ಮ ಮಾಡಿದ್ದು."

ಈಗ ಐದು ಬಗೆಯ ಫೋಟೋ ಮೂಲೆ ನೋಡೋಣ. ಐದನ್ನೂ ಮಾಡಬೇಕಾಗಿಲ್ಲ. ಒಂದನ್ನೇ ಚೆನ್ನಾಗಿ ಮಾಡಿದರೂ ಸಾಕು.

1. ಸೀರೆ ಮತ್ತು ಕೌದಿಯ ಪರದೆ

ಇದು ಎಲ್ಲಕ್ಕಿಂತ ಸುಲಭ. ಖರ್ಚು ಇಲ್ಲವೇ ಇಲ್ಲ.

ಕುಂದಲಹಳ್ಳಿಯಲ್ಲಿ ಎಷ್ಟೋ ಊರಿನವರು ಇದ್ದಾರೆ. ರಾಯಚೂರು, ಕಲಬುರಗಿ ಕಡೆಯವರು ಇದ್ದಾರೆ. ಆಂಧ್ರ, ತಮಿಳುನಾಡು, ಒಡಿಶಾದಿಂದ ಬಂದವರೂ ಇದ್ದಾರೆ. ಕಟ್ಟಡದ ಕೆಲಸ, ಮನೆಗೆಲಸ, ಕಾರ್ಖಾನೆ ಕೆಲಸ ಅಂತ ಬಂದವರು. ಒಬ್ಬೊಬ್ಬರ ಪೆಟ್ಟಿಗೆಯಲ್ಲಿ ಅವರವರ ಊರಿನ ಒಂದು ಸೀರೆ ಇದ್ದೇ ಇರುತ್ತದೆ.

ಒಬ್ಬ ತಾಯಿ ಇಳಕಲ್ ಸೀರೆ ತರಲಿ. ಅದರ ಕೆಂಪು ಸೆರಗಿನಲ್ಲಿ ಹಲ್ಲಿನ ಸಾಲಿನಂಥ ಬಿಳಿ ಗೆರೆ ಇರುತ್ತದೆ. ಇನ್ನೊಬ್ಬಾಕೆ ಕೈಮಗ್ಗದ ಹತ್ತಿ ಸೀರೆ ತರಲಿ. ಎರಡು ಬಿದಿರಿನ ಕಂಬ ನೆಟ್ಟು, ಮೇಲೆ ಹಗ್ಗ ಕಟ್ಟಿ. ಸೀರೆಗಳನ್ನು ನೀಳವಾಗಿ, ಒಂದರ ಪಕ್ಕ ಒಂದು ಇಳಿಬಿಡಿ. ಸೆರಗು ಮುಂದೆ ಕಾಣಲಿ. ಪಿನ್ನು ಚುಚ್ಚಬೇಡಿ, ಸೀರೆ ಹರಿಯುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ.

ಉತ್ತರ ಕರ್ನಾಟಕದ ಹೆಂಗಸರಿಗೆ ಕೌದಿ ಹೊಲಿಯುವುದು ಗೊತ್ತು. ಹಳೆಯ ಸೀರೆ, ಅಂಗಿ, ಲಂಗದ ತುಂಡುಗಳನ್ನು ಜೋಡಿಸಿ ಹೊಲಿಯುತ್ತಾರೆ. ಹೊದೆಯುವುದಕ್ಕೆ ಬೆಚ್ಚಗೆ. ನೋಡುವುದಕ್ಕೂ ಚೆಂದ. ಒಂದು ದೊಡ್ಡ ಕೌದಿ ಸಿಕ್ಕರೆ ಅದೇ ಪರದೆ. ಬೇರೇನೂ ಬೇಡ. ಮನೆಯಲ್ಲಿ ಹೊದ್ದುಕೊಂಡು ಮಲಗುವ ಕೌದಿ ಶಾಲೆಯಲ್ಲಿ ಎಲ್ಲರ ಎದುರು ಮೆರೆಯಲಿ.

2. ಹಸೆಯ ಗೋಡೆ

ನಿಮಗೆ ರಂಗೋಲಿ ಬರುತ್ತದೆ. ನೆಲದ ಮೇಲೆ ಹಾಕುವುದನ್ನೇ ಹಲಗೆಯ ಮೇಲೆ ಬರೆಯಿರಿ. ಅದು ಹಸೆಯ ಗೋಡೆ.

ಮಲೆನಾಡಿನ ಸಾಗರದ ಕಡೆ ದೀವರು ಎಂಬ ಜನ ಇದ್ದಾರೆ. ಅವರ ಹೆಂಗಸರು ಮದುವೆಯ ಹೊತ್ತಿನಲ್ಲಿ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಂಗಡಿಯ ಬಣ್ಣ ಬೇಡ. ಬಿಳಿಗೆ ಅಕ್ಕಿ ಹಿಟ್ಟು. ಕೆಂಪಿಗೆ ಕೆಮ್ಮಣ್ಣು. ಕಪ್ಪಿಗೆ ಸೀದ ಅಕ್ಕಿ. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚ ಕೂಡ ಪುಂಡಿ ನಾರಿನದು. ಇಂದು ದೊಡ್ಡ ದೊಡ್ಡ ಊರಿನವರು ಈ ಚಿತ್ರಗಳನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಬರೆದವರು ಯಾರು? ನಮ್ಮ ನಿಮ್ಮಂಥ ಹೆಂಗಸರೇ.

ನಾವು ಹೀಗೆ ಮಾಡೋಣ. ಫ್ರಿಜ್ಜು, ವಾಷಿಂಗ್ ಮೆಷಿನ್ ಬರುವ ದೊಡ್ಡ ರಟ್ಟಿನ ಪೆಟ್ಟಿಗೆ ಬೇಕು. ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವವರಿಗೆ ಅದು ಸುಲಭವಾಗಿ ಸಿಗುತ್ತದೆ. ಪೆಟ್ಟಿಗೆ ಬಿಚ್ಚಿ, ರಟ್ಟುಗಳನ್ನು ಜೋಡಿಸಿ. ಆರು ಅಡಿ ಎತ್ತರ, ಎಂಟು ಅಡಿ ಅಗಲ ಇದ್ದರೆ ಐದಾರು ಜನ ನಿಲ್ಲಬಹುದು.

ಅಂಟನ್ನು ಮನೆಯಲ್ಲೇ ಮಾಡಿ. ಅರ್ಧ ಲೋಟ ಮೈದಾ ಹಿಟ್ಟಿಗೆ ಎರಡೂವರೆ ಲೋಟ ನೀರು. ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಗಂಜಿಯ ಹದಕ್ಕೆ ಬಂದರೆ ಅಂಟು ಸಿದ್ಧ.

ರಟ್ಟಿಗೆ ಕೆಮ್ಮಣ್ಣಿನ ನೀರು ಬಳಿಯಿರಿ. ಚೆನ್ನಾಗಿ ಒಣಗಲಿ. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ. ಆ ಹಿಟ್ಟಿನಲ್ಲಿ ನಿಮಗೆ ಬರುವ ಎಳೆ, ಹೂವು, ತೇರು, ನವಿಲು ಬರೆಯಿರಿ. ಫೋಟೋದಲ್ಲಿ ಕೆಂಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ. ನಡುವೆ ಸ್ವಲ್ಪ ಜಾಗ ಖಾಲಿ ಬಿಡಿ. ಅಲ್ಲಿ ನಿಲ್ಲುವವರು ಮಕ್ಕಳು. ಅವರಿಗಿಂತ ಚಿತ್ರ ಜಾಸ್ತಿ ಆಗಬಾರದು.

3. ಅಂದಿನ ಕುಂದಲಹಳ್ಳಿ, ಇಂದಿನ ಕುಂದಲಹಳ್ಳಿ

ಈ ಮೂಲೆಯಲ್ಲಿ ಚಿತ್ರವೂ ಇದೆ, ಪಾಠವೂ ಇದೆ.

ಹೆಸರಿನಲ್ಲೇ ಹಳ್ಳಿ ಇದೆ. ಈ ಭಾಗದಲ್ಲಿ ಹಿಂದೆ ರಾಗಿ ಬೆಳೆಯುತ್ತಿದ್ದರು. ಊರಿಗೆ ಒಂದು ಕೆರೆ. ಕೆರೆ ಈಗಲೂ ಇದೆ. ಹೊಲ ಕಾಣುವುದು ಕಷ್ಟ. 1990ರ ದಶಕದಲ್ಲಿ ಹತ್ತಿರದಲ್ಲೇ ಐ.ಟಿ. ಪಾರ್ಕ್ ಎದ್ದಿತು. ಗಾಜಿನ ಕಟ್ಟಡಗಳು ಬಂದವು. ಗ್ರಾಫೈಟ್ ಇಂಡಿಯಾ ಕಾರ್ಖಾನೆ 2019ರಲ್ಲಿ ಮುಚ್ಚಿತು. ಆದರೂ ಜನರ ಬಾಯಲ್ಲಿ ಆ ಸರ್ಕಲ್ಲಿಗೆ ಅದೇ ಹೆಸರು. 2023ರ ಮಾರ್ಚ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಕೆ.ಆರ್. ಪುರದವರೆಗೆ ಮೆಟ್ರೋ ರೈಲು ಓಡಿತು. ಕುಂದಲಹಳ್ಳಿಗೂ ಒಂದು ನಿಲ್ದಾಣ ಬಂತು.

ಪರದೆಯನ್ನು ಎರಡು ಭಾಗ ಮಾಡಿ. ಎಡಗಡೆ ಅಂದಿನ ಊರು. ಕೆರೆ, ಕೊಕ್ಕರೆ, ರಾಗಿ ತೆನೆ, ಎತ್ತಿನ ಗಾಡಿ. ಮುಂದೆ ಒಂದು ಮೊರ, ಒನಕೆ, ಬೀಸುವ ಕಲ್ಲು ಇಡಿ. ಬಲಗಡೆ ಇಂದಿನ ಊರು. ಮೆಟ್ರೋ ರೈಲು, ಎತ್ತರದ ಕಟ್ಟಡ, ಬಸ್ಸು. ಕಟ್ಟಡದ ಪಕ್ಕ ಕಟ್ಟುವವರನ್ನೂ ಬರೆಯಿರಿ. ತಲೆಯ ಮೇಲೆ ಬಾಂಡ್ಲಿ ಹೊತ್ತ ಹೆಂಗಸು ಇರಲಿ. ಅವಳು ಇಲ್ಲದೆ ಆ ಕಟ್ಟಡ ಎದ್ದಿದೆಯೇ?

ಮಗು ನಡುವೆ ನಿಲ್ಲಲಿ. ಒಂದು ಕೈ ಅಂದಿನ ಕಡೆ, ಒಂದು ಕೈ ಇಂದಿನ ಕಡೆ.

ಚಿತ್ರ ಬರೆಯುವ ಮೊದಲು ಊರಿನ ಹಿರಿಯರನ್ನು ಕೇಳಬೇಕು. ಕೆರೆಯ ನೀರು ಎಲ್ಲಿಯವರೆಗೆ ಬರುತ್ತಿತ್ತು? ಕಣ ಎಲ್ಲಿತ್ತು? ಯಾವ ಮರ ಇತ್ತು? ಮಕ್ಕಳು ಕೇಳಿ ಬರೆದುಕೊಂಡು ಬರಲಿ. ಸರ್ಕಾರಿ ಶಾಲೆಗಳ ಕಲಿಕಾ ಹಬ್ಬದಲ್ಲಿ 'ಊರು ತಿಳಿಯೋಣ' ಎಂಬ ಚಟುವಟಿಕೆ ನಡೆದಿದೆ. ಇದೂ ಅದೇ ಥರದ ಕೆಲಸ.

4. ಮುಖ ತೂರಿಸುವ ಹಲಗೆ

ಇದು ಮಕ್ಕಳಿಗೆ ಬಲು ಇಷ್ಟ. ದೊಡ್ಡ ರಟ್ಟಿನ ಮೇಲೆ ಆಳಿನ ಚಿತ್ರ ಬರೆಯುತ್ತಾರೆ. ಮುಖದ ಜಾಗದಲ್ಲಿ ತೂತು. ಮಗು ಹಿಂದಿನಿಂದ ಮುಖ ತೂರಿಸುತ್ತದೆ. ಮುಂದಿನಿಂದ ನೋಡಿದರೆ ಅದೇ ಮಗು ಡಾಕ್ಟರು!

ಏನೇನು ಬರೆಯಬಹುದು? ನರ್ಸು, ರೈತ ಮಹಿಳೆ, ಪೊಲೀಸು, ವಿಜ್ಞಾನಿ, ಮೆಟ್ರೋ ಓಡಿಸುವವರು. ನಮ್ಮ ಮೆಟ್ರೋ ರೈಲನ್ನು ಹೆಂಗಸರೂ ಓಡಿಸುತ್ತಾರೆ. ಒನಕೆ ಹಿಡಿದು ಚಿತ್ರದುರ್ಗದ ಕೋಟೆ ಕಾದ ಓಬವ್ವನನ್ನೂ ಬರೆಯಬಹುದು. 1848ರಲ್ಲಿ ಪುಣೆಯಲ್ಲಿ ಗಂಡನ ಜೊತೆ ಸೇರಿ ಹುಡುಗಿಯರ ಶಾಲೆ ತೆರೆದ ಸಾವಿತ್ರಿಬಾಯಿ ಫುಲೆಯನ್ನೂ ಬರೆಯಬಹುದು.

ಒಂದು ಎಚ್ಚರ ಇರಲಿ. "ಇದು ಹುಡುಗರಿಗೆ, ಇದು ಹುಡುಗಿಯರಿಗೆ" ಅಂತ ಹೇಳಬೇಡಿ. ಯಾರು ಎಲ್ಲಿ ಬೇಕಾದರೂ ಮುಖ ತೂರಿಸಲಿ. ಹುಡುಗ ಅಡುಗೆಯವನಾಗಲಿ, ಹುಡುಗಿ ಪೈಲಟ್ ಆಗಲಿ.

ತೂತು ಎರಡು ಎತ್ತರದಲ್ಲಿ ಇರಲಿ. ಚಿಕ್ಕವರಿಗೆ ಮೂರು ಅಡಿ, ದೊಡ್ಡವರಿಗೆ ನಾಲ್ಕೂವರೆ ಅಡಿ. ತೂತಿನ ಅಂಚಿಗೆ ಬಟ್ಟೆಯ ಪಟ್ಟಿ ಅಂಟಿಸಿ. ಇಲ್ಲದಿದ್ದರೆ ರಟ್ಟು ಕೆನ್ನೆಗೆ ಗೀರುತ್ತದೆ.

5. ದೊಡ್ಡ ಸ್ಲೇಟು

ಈ ಮೂಲೆ ವಿಶೇಷವಾಗಿ ನಿಮಗಾಗಿ.

ನಾಲ್ಕು ಅಡಿ ಅಗಲದ ಹಲಗೆಗೆ ಕಪ್ಪು ಬಣ್ಣ ಬಳಿಯಿರಿ. ಸುತ್ತ ಮರದ ಬಣ್ಣದ ಅಂಚು ಬರೆಯಿರಿ. ಅದು ಸ್ಲೇಟಿನ ಹಾಗೆ ಕಾಣುತ್ತದೆ. ಅದರ ಮೇಲೆ ಎರಡು ಸಾಲು ಇರಲಿ:

ನನ್ನ ಹೆಸರು ..........
ನನ್ನ ತಾಯಿಯ ಹೆಸರು ..........

ಮೊದಲ ಸಾಲಿನಲ್ಲಿ ಮಗು ತನ್ನ ಹೆಸರು ಬರೆಯಲಿ. ಎರಡನೇ ಸಾಲಿನಲ್ಲಿ ತಾಯಿ ತನ್ನ ಹೆಸರು ಬರೆಯಲಿ. ತನ್ನ ಕೈಯಲ್ಲೇ, ಸೀಮೆಸುಣ್ಣದಲ್ಲಿ. ಆಮೇಲೆ ಇಬ್ಬರೂ ಸ್ಲೇಟಿನ ಪಕ್ಕ ನಿಲ್ಲಲಿ. ಫೋಟೋ ತೆಗೆದ ಮೇಲೆ ಅಳಿಸಿ. ಮುಂದಿನ ತಾಯಿ ಬರಲಿ.

ಅಕ್ಷರ ಸೊಟ್ಟಗೆ ಇದ್ದರೆ ಇರಲಿ. ನಾಚಿಕೆ ಬೇಡ. ಕೆಲವೇ ದಿನದ ಹಿಂದೆ ಇದೇ ಜಾಗದಲ್ಲಿ ಹೆಬ್ಬೆಟ್ಟು ಇತ್ತು. ಈಗ ಹೆಸರು ಇದೆ. ಕನ್ನಡ ಬಾರದ ತಾಯಿ ತೆಲುಗಿನಲ್ಲೋ ತಮಿಳಿನಲ್ಲೋ ಬರೆಯಲಿ. ಇನ್ನೂ ಬರೆಯಲು ಬಾರದವರಿಗೆ ಮಗುವೇ ಕೈ ಹಿಡಿದು ಬರೆಸಲಿ. ತಾಯಿ ಇಲ್ಲದ ಮಗುವಿದ್ದರೆ ಅಜ್ಜಿಯ ಹೆಸರೋ, ಅಪ್ಪನ ಹೆಸರೋ, ಸಾಕಿದವರ ಹೆಸರೋ ಬರಲಿ. 'ತಾಯಿಯ' ಅನ್ನುವ ಮಾತನ್ನೂ ಸೀಮೆಸುಣ್ಣದಲ್ಲೇ ಬರೆದಿರಿ. ಆಗ ಬದಲಿಸುವುದು ಸುಲಭ.

ಬೆಳಕು ಎಲ್ಲಿಂದ ಬರಬೇಕು?

ಪರದೆ ಎಷ್ಟೇ ಚೆಂದ ಇರಲಿ, ಬೆಳಕು ಸರಿ ಇಲ್ಲದಿದ್ದರೆ ಫೋಟೋ ಕೆಡುತ್ತದೆ.

ಬಾಗಿಲಿನಲ್ಲಿ ನಿಂತವರನ್ನು ಮನೆಯ ಒಳಗಿನಿಂದ ನೋಡಿ. ಹಿಂದೆ ಬಿಸಿಲು ಇದ್ದರೆ ಅವರ ಮುಖ ಕಪ್ಪಾಗಿ ಕಾಣುತ್ತದೆ. ಮೊಬೈಲಿಗೂ ಹಾಗೇ ಕಾಣುವುದು. ಆದ್ದರಿಂದ ಸೂರ್ಯ ಪರದೆಯ ಹಿಂದೆ ಇರಬಾರದು.

ನಡು ಮಧ್ಯಾಹ್ನದ ಬಿಸಿಲೂ ಬೇಡ. ಬೆಳಕು ನೆತ್ತಿಯ ಮೇಲಿಂದ ಬೀಳುತ್ತದೆ. ಕಣ್ಣಿನ ಕೆಳಗೆ ನೆರಳು ಬರುತ್ತದೆ. ಮಕ್ಕಳು ಕಣ್ಣು ಕಿರಿದು ಮಾಡುತ್ತಾರೆ. ಬೆಳಗ್ಗೆ ಹತ್ತರ ಒಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಒಳ್ಳೆಯದು. ಹಗಲೆಲ್ಲ ತೆಗೆಯಬೇಕಾದರೆ ಕಟ್ಟಡದ ನೆರಳಿನಲ್ಲಿ ಪರದೆ ಕಟ್ಟಿ. ನೆರಳಿನ ಬೆಳಕು ಎಲ್ಲರ ಮುಖಕ್ಕೂ ಸಮನಾಗಿ ಬೀಳುತ್ತದೆ.

ಪರದೆಯಿಂದ ಎರಡು ಅಡಿ ಮುಂದೆ ನಿಲ್ಲಿ. ಫೋಟೋ ತೆಗೆಯುವವರು ಏಳೆಂಟು ಅಡಿ ದೂರ ಇರಲಿ. ಅಲ್ಲಿ ಸುಣ್ಣದಲ್ಲಿ ಒಂದು ಗೆರೆ ಹಾಕಿ. ಚಿಕ್ಕ ಮಗುವಾದರೆ ತೆಗೆಯುವವರು ಕುಕ್ಕರುಗಾಲಿನಲ್ಲಿ ಕೂರಬೇಕು. ಮೇಲಿನಿಂದ ತೆಗೆದರೆ ಮಗು ಕುಳ್ಳಾಗಿ ಕಾಣುತ್ತದೆ. ಮಗುವಿನ ಕಣ್ಣಿನ ಎತ್ತರಕ್ಕೆ ಮೊಬೈಲ್ ಹಿಡಿಯಿರಿ.

ಮುಖಕ್ಕೆ ಪೌಡರು ಮೆತ್ತಿ ಬೆಳ್ಳಗೆ ಮಾಡಬೇಕಿಲ್ಲ. ಮೊಬೈಲಿನಲ್ಲಿ ಬಣ್ಣ ತಿದ್ದುವುದೂ ಬೇಡ. ಮಗು ಇರುವ ಹಾಗೇ ಚೆಂದ. ಮೈಸೂರಿನ ಟಿ.ಎಸ್. ಸತ್ಯನ್ ಹೆಸರಾಂತ ಛಾಯಾಗ್ರಾಹಕರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. ಅವರು ಸಾಮಾನ್ಯ ಜನರನ್ನು, ಮಕ್ಕಳನ್ನು ಇದ್ದ ಹಾಗೇ ಚಿತ್ರ ತೆಗೆದರು. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆಗ ಅವರು ತೆಗೆದ ಮಕ್ಕಳ ಚಿತ್ರಗಳನ್ನು ನ್ಯೂಯಾರ್ಕಿನಲ್ಲಿ, ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಕ್ಕೆ ಇಟ್ಟರು.

ಎಲ್ಲರಿಗೂ ಜಾಗ, ಎಲ್ಲರಿಗೂ ಜೋಪಾನ

ಫೋಟೋ ಮೂಲೆಗೆ ದುಡ್ಡು ಕೇಳಬೇಡಿ. ದುಡ್ಡು ಕೇಳಿದರೆ ಯಾವ ಮಗು ದೂರ ನಿಲ್ಲುತ್ತದೆ ಅಂತ ನಿಮಗೆ ಗೊತ್ತು. ಹೊಸ ಬಟ್ಟೆ ಇಲ್ಲದ ಮಗುವನ್ನೂ ಕರೆಯಿರಿ. ಮೊಬೈಲ್ ಇಲ್ಲದ ತಾಯಿಗೆ ಇನ್ನೊಬ್ಬರು ತೆಗೆದು ಕೊಡಲಿ. ಗಾಲಿ ಕುರ್ಚಿಯ ಮಗುವಿಗೆ ಮೆಟ್ಟಿಲು ಅಡ್ಡ ಬರಬಾರದು. ಜಾಗ ಸಮತಟ್ಟಾಗಿ ಇರಲಿ.

ಗಾಳಿ ಬಂದರೆ ಪರದೆ ಬೀಳಬಹುದು. ಕಂಬದ ಬುಡಕ್ಕೆ ಮರಳಿನ ಚೀಲ ಕಟ್ಟಿ. ಬಟ್ಟೆ, ರಟ್ಟಿನ ಹತ್ತಿರ ದೀಪ ಹಚ್ಚಬೇಡಿ. ಕರೆಂಟಿನ ತಂತಿ ನೆಲದ ಮೇಲೆ ಬಿಡಬೇಡಿ.

ಇನ್ನೂ ಒಂದು ಜೋಪಾನ ಇದೆ. ಬೇರೆಯವರ ಮಗುವಿನ ಫೋಟೋ ತೆಗೆಯುವ ಮೊದಲು ಆ ತಾಯಿಯನ್ನು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಮಗುವಿನ ಫೋಟೋ, ಹೆಸರು, ಶಾಲೆ, ಮನೆಯ ವಿಳಾಸ ಎಲ್ಲ ಒಟ್ಟಿಗೆ ಸೇರಿಸಿ ವಾಟ್ಸ್‌ಆಪ್, ಫೇಸ್‌ಬುಕ್‌ನಲ್ಲಿ ಹಾಕಬಾರದು. ಅದು ಯಾರ ಕೈಗೆ ಹೋಗುತ್ತದೋ ಗೊತ್ತಾಗುವುದಿಲ್ಲ. ಸ್ಲೇಟಿನ ಫೋಟೋದಲ್ಲಿ ಹೆಸರು ಇರುತ್ತದೆ. ಅದು ಮನೆಯ ಗೋಡೆಗೆ, ಊರೆಲ್ಲ ಹಂಚುವುದಕ್ಕೆ ಅಲ್ಲ.

ಮೊಬೈಲ್ ಕೆಟ್ಟರೆ ಫೋಟೋ ಹೋಯಿತು. ಒಂದನ್ನಾದರೂ ಪ್ರಿಂಟ್ ಹಾಕಿಸಿ. ಲಕೋಟೆಯಲ್ಲಿ ಇಟ್ಟು, ಲಕೋಟೆಯ ಮೇಲೆ ತಾರೀಖು, ವರ್ಷ, ಹೆಸರು ಬರೆಯಿರಿ. ಬರೆಯುವುದು ನಿಮಗೆ ಈಗ ಬರುತ್ತದಲ್ಲ.

ಕೆಲಸ ಶುರು ಮಾಡುವುದು ಹೇಗೆ?

ಪ್ರತಿ ಸರ್ಕಾರಿ ಶಾಲೆಯಲ್ಲೂ ಎಸ್.ಡಿ.ಎಂ.ಸಿ. ಇದೆ. ಅಂದರೆ ಶಾಲೆಯನ್ನು ನೋಡಿಕೊಳ್ಳುವ ಸಮಿತಿ. 2009ರ ಶಿಕ್ಷಣ ಹಕ್ಕು ಕಾನೂನು ಹೇಳುತ್ತದೆ: ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಮಕ್ಕಳ ತಂದೆ ತಾಯಿ ಅಥವಾ ಪೋಷಕರು ಇರಬೇಕು. ಅರ್ಧ ಪಾಲು ಹೆಂಗಸರು ಇರಬೇಕು. ಹಾಗಾಗಿ ಶಾಲೆಯ ಹಬ್ಬದ ಮಾತಿನಲ್ಲಿ ನಿಮಗೂ ಪಾಲಿದೆ. ಸಭೆಯಲ್ಲಿ ಹಿಂದೆ ಕೂತು ಕೇಳುವುದಷ್ಟೇ ಅಲ್ಲ. ಎದ್ದು ಹೇಳಿ: "ಮೇಡಂ, ಫೋಟೋ ಮೂಲೆ ನಾವು ಮಾಡ್ತೀವಿ."

ಹದಿನೈದು ದಿನ ಮೊದಲು ಜಾಗ ನೋಡಿ. ಹತ್ತು ದಿನ ಮೊದಲು ರಟ್ಟು, ಬಿದಿರು ಕೂಡಿಸಿ. ಐದು ದಿನ ಮೊದಲು ಬಣ್ಣ ಬಳಿದು ಒಣಗಿಸಿ. ಹಿಂದಿನ ದಿನ ಕಟ್ಟಿ, ಅದೇ ಹೊತ್ತಿನ ಬೆಳಕಿನಲ್ಲಿ ಒಂದು ಫೋಟೋ ತೆಗೆದು ನೋಡಿ. ಹಬ್ಬದ ದಿನ ಇಬ್ಬಿಬ್ಬರು ಸರದಿಯಲ್ಲಿ ನಿಂತು ನೋಡಿಕೊಳ್ಳಿ. ಸರದಿ ಮುಗಿದವರು ಮರೆಯದೆ ತಮ್ಮ ಮಗುವಿನ ಜೊತೆ ಹೋಗಿ ನಿಲ್ಲಿ. ಮಾಡಿದವರ ಫೋಟೋವೇ ಇಲ್ಲ ಅಂತ ಆಗಬಾರದು.

ಓದಿ, ಮಾತಾಡಿ

1. ನಿಮ್ಮ ಮನೆಯಲ್ಲಿ ನೀವು ಮತ್ತು ನಿಮ್ಮ ಮಗು ಜೊತೆಗಿರುವ ಫೋಟೋ ಇದೆಯೇ?
2. ಫ್ಲೆಕ್ಸ್ ಯಾಕೆ ಬೇಡ? ಎರಡು ಕಾರಣ ಹೇಳಿ.
3. ಸೂರ್ಯ ಪರದೆಯ ಹಿಂದೆ ಇದ್ದರೆ ಏನಾಗುತ್ತದೆ?
4. ನಿಮ್ಮ ಊರಿನ ಯಾವ ವಸ್ತುವನ್ನು ಫೋಟೋ ಮೂಲೆಯಲ್ಲಿ ಇಡುತ್ತೀರಿ? ಯಾಕೆ?
5. ಕೆಳಗಿನ ಸಾಲುಗಳನ್ನು ತುಂಬಿ:

ನನ್ನ ಹೆಸರು ..........
ನನ್ನ ತಾಯಿಯ ಹೆಸರು ..........